ಉಸಿರುಗಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಹಲವು ಪದಗಳು: ಅನುವಾದ ಮಾಡುವಾಗ ಆಯ್ಕೆ ಹೇಗೆ?

ಚೋಕ್, ಸ್ಮದರ್, ಸ್ಟ್ರ್ಯಾಂಗಲ್, ಸಫೊಕೇಟ್ ಎಂಬ ನಾಲ್ಕು ಕ್ರಿಯಾಪದಗಳಿಗೂ ನಿಘಂಟಿನಲ್ಲಿ ‘ಉಸಿರುಗಟ್ಟಿಸು’ ಎಂಬ ಅರ್ಥವೇ ಸಿಗುತ್ತದೆ, ಹೀಗಿರುವಾಗ ಎಲ್ಲ ಕಡೆಯೂ ಅದನ್ನೇ ಬಳಸಿದರೆ ತಪ್ಪೇನು ಎಂದು ನೀವು ಈ ಅನುವಾದಕರ ಗುಂಪಿನಲ್ಲಿ ಕೇಳಿದ್ದೀರಿ. ಕಥೆಯಲ್ಲಿ ಕೆಲವೊಮ್ಮೆ ಅದು ನಡೆದುಹೋಗಬಹುದು. ಆದರೆ ಅಪರಾಧ ಸುದ್ದಿ, ಮರಣೋತ್ತರ ಪರೀಕ್ಷೆಯ ವರದಿ, ಪ್ರಥಮ ಚಿಕಿತ್ಸೆಯ ಕರಪತ್ರ ಮುಂತಾದವುಗಳಲ್ಲಿ ಖಂಡಿತ ನಡೆಯುವುದಿಲ್ಲ. ಉಸಿರು ನಿಂತದ್ದು ದೇಹದ ಯಾವ ಜಾಗದಲ್ಲಿ, ಯಾವುದರಿಂದ ಎಂಬುದನ್ನು ಈ ಪದಗಳು ಬೇರೆಬೇರೆಯಾಗಿ ಹೇಳುತ್ತವೆ. ರೂಪಕವಾಗಿ ಬಂದಾಗಲೂ ಸಾಮಾನ್ಯವಾಗಿ ಆ ವ್ಯತ್ಯಾಸ ಉಳಿದುಕೊಳ್ಳುತ್ತದೆ.

ಇವುಗಳಲ್ಲಿ ಅತ್ಯಂತ ವಿಶಾಲವಾದದ್ದು ‘ಸಫೊಕೇಟ್’. ಹೊಗೆ ತುಂಬಿದ ಕೋಣೆಯಾಗಲಿ, ಕುಸಿದ ಮಣ್ಣಿನ ಅಡಿಯಾಗಲಿ, ಗಾಳಿಯಿಲ್ಲದ ಪೆಟ್ಟಿಗೆಯಾಗಲಿ, ಆಮ್ಲಜನಕ ಸಿಗದೆ ಹೋದ ಸ್ಥಿತಿಗೆಲ್ಲ ಅದು ಸಲ್ಲುತ್ತದೆ. ನಮ್ಮ ‘ಉಸಿರುಗಟ್ಟು’ ಇದಕ್ಕೆ ಸರಿಯಾಗಿ ಹೊಂದುತ್ತದೆ, ‘ಉಸಿರುಗಟ್ಟಿಸುವ ವಾತಾವರಣ’ ಎಂಬ ರೂಪಕವೂ ಕನ್ನಡದಲ್ಲಿ ಚೆನ್ನಾಗಿಯೇ ಬೇರೂರಿದೆ. ಆದ್ದರಿಂದ ಇಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ.

ತೊಡಕು ಹೆಚ್ಚಾಗಿರುವುದು ‘ಚೋಕ್’ ಪದದಲ್ಲಿ. ಅದರ ಮುಖ್ಯ ಅರ್ಥ ಶ್ವಾಸನಾಳದ ಒಳಗೆ ಏನೋ ಸಿಕ್ಕಿಕೊಂಡು ಉಸಿರು ಕಟ್ಟುವುದು. ‘ಚೋಕ್ ಆನ್’ ಎಂದು ಬಂದು ಅದರ ಹಿಂದೆ ಮೂಳೆ, ಕಾಳು, ನಾಣ್ಯ ಮುಂತಾದ ವಸ್ತುವಿನ ಹೆಸರು ಬಂದರೆ ಅರ್ಥ ಇದೇ. ಆದರೆ ಒಬ್ಬ ವ್ಯಕ್ತಿ ಇನ್ನೊಬ್ಬರನ್ನು ‘ಚೋಕ್’ ಮಾಡಿದ ಎಂದಿದ್ದರೆ, ಕೈಯಿಂದಲೋ ತೋಳಿನಿಂದಲೋ ಕುತ್ತಿಗೆಯನ್ನು ಒತ್ತಿ ಹಿಡಿದ ಎಂದರ್ಥ. ಹೀಗಾಗಿ ಕ್ರಿಯಾಪದವೊಂದನ್ನೇ ನೋಡದೆ ಅದರ ಕರ್ಮಪದವನ್ನೂ ನೋಡಿ ನಿರ್ಧರಿಸಬೇಕಾಗುತ್ತದೆ. ಪ್ರಥಮ ಚಿಕಿತ್ಸೆಯ ಕರಪತ್ರದ ‘ಚೋಕಿಂಗ್’ ಎಂಬ ಶೀರ್ಷಿಕೆಗೆ ‘ಉಸಿರುಗಟ್ಟುವಿಕೆ’ ಎಂದಷ್ಟೇ ಬರೆದರೆ ಓದುಗರಿಗೆ ಸಹಾಯವಾಗುವುದಿಲ್ಲ. ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ತಟ್ಟಬೇಕು, ಅದು ಫಲಿಸದಿದ್ದರೆ ಹೊಟ್ಟೆಯ ಮೇಲ್ಭಾಗವನ್ನು 5 ಬಾರಿ ಒಳಕ್ಕೂ ಮೇಲಕ್ಕೂ ಒತ್ತಬೇಕು, 1 ವರ್ಷದೊಳಗಿನ ಮಗುವಾದರೆ ಹೊಟ್ಟೆಯ ಬದಲು ಎದೆಯನ್ನು ಒತ್ತಬೇಕು ಎಂಬ ಸೂಚನೆಗಳೆಲ್ಲ ಗಂಟಲಲ್ಲಿ ವಸ್ತು ಸಿಕ್ಕಿಕೊಂಡವರಿಗಾಗಿ ಇರುವಂಥವು, ಹೊಗೆ ಕುಡಿದು ಬಿದ್ದವರಿಗಲ್ಲ. ಅಂಥ ಕಡೆ ‘ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದಾಗ’ ಎಂದು ಬಿಡಿಸಿ ಬರೆಯುವುದೇ ಸರಿ. ಶೀರ್ಷಿಕೆ ಉದ್ದವಾಯಿತೆಂಬ ಕಾರಣಕ್ಕೆ ಅದನ್ನು ಕತ್ತರಿಸಲು ಒಪ್ಪಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಚೋಕ್’ ರೂಪಕವಾದಾಗಲೂ ಒಳಗೆ ಅಡ್ಡ ನಿಂತಿತು ಎಂಬ ಭಾವವೇ ಹೆಚ್ಚಾಗಿ ಕಾಣುತ್ತದೆ. ಚರಂಡಿ ‘ಚೋಕ್’ ಆದರೆ ಕನ್ನಡದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಮಾತನಾಡುತ್ತಿದ್ದವರು ‘ಚೋಕ್ಡ್ ಅಪ್’ ಆದರೆ ಅವರ ಗಂಟಲು ಕಟ್ಟುತ್ತದೆ, ಗಂಟಲುಬ್ಬಿ ಬರುತ್ತದೆ ಅಥವಾ ದುಃಖ ಉಮ್ಮಳಿಸುತ್ತದೆ. ಇಲ್ಲಿ ‘ಅವರಿಗೆ ಉಸಿರುಗಟ್ಟಿತು’ ಎಂದರೆ ಓದುಗರು ಆಂಬುಲೆನ್ಸ್ ಬಂತೇ ಎಂದು ಕೇಳುವಂತಾಗುತ್ತದೆ. ಹಡಗುಗಳು ಇಕ್ಕಟ್ಟಾದ ಜಾಗದಲ್ಲೇ ಹಾದುಹೋಗಬೇಕಾದ ಹೋರ್ಮುಜ್ ಅಥವಾ ಮಲಕ್ಕಾ ಜಲಸಂಧಿಯನ್ನು ‘ಚೋಕ್‌ಪಾಯಿಂಟ್’ ಎನ್ನುತ್ತಾರೆ. ಅದನ್ನು ‘ಇಕ್ಕಟ್ಟಿನ ಆಯಕಟ್ಟಿನ ಜಾಗ’ ಎಂದರೆ ಸಾಕಾಗುತ್ತದೆ, ಉಸಿರಿನ ಮಾತು ಬೇಕಿಲ್ಲ.

ಕುತ್ತಿಗೆಯನ್ನು ಹೊರಗಿನಿಂದ ಬಿಗಿಯುವುದು ‘ಸ್ಟ್ರ್ಯಾಂಗಲ್’. ಕೈಯಿಂದಾದರೆ ಕತ್ತು ಹಿಸುಕುವುದು, ಹಗ್ಗವೋ ಬಟ್ಟೆಯೋ ಆದರೆ ಕುತ್ತಿಗೆ ಬಿಗಿಯುವುದು ಎಂದು ಕನ್ನಡವೂ ಈ ವ್ಯತ್ಯಾಸವನ್ನು ಸಹಜವಾಗಿಯೇ ಮಾಡುತ್ತದೆ. ಈ ಪದದ ರೂಪಕಗಳಲ್ಲಿ ಬಿಗಿತದಿಂದ ಪೂರೈಕೆ ನಿಂತಿತು ಎಂಬುದು ಮುಖ್ಯ. ವೈದ್ಯರು ‘ಸ್ಟ್ರ್ಯಾಂಗ್ಯುಲೇಟೆಡ್ ಹರ್ನಿಯಾ’ ಎನ್ನುವಾಗ ಉಸಿರಿಗೂ ಅದಕ್ಕೂ ಯಾವ ಸಂಬಂಧವೂ ಇರುವುದಿಲ್ಲ; ಹೊರಚಾಚಿದ ಕರುಳಿನ ಭಾಗ ಬಿಗಿಯಾಗಿ ಸಿಕ್ಕಿಕೊಂಡು ಅದಕ್ಕೆ ರಕ್ತ ಹರಿಯುವುದು ನಿಂತಿದೆ, ತುರ್ತಾಗಿ ಶಸ್ತ್ರಚಿಕಿತ್ಸೆ ಆಗಬೇಕು ಎಂಬುದು ಅದರ ಅರ್ಥ. ತೆರಿಗೆಯು ಸಣ್ಣ ಉದ್ಯಮಗಳನ್ನು ‘ಸ್ಟ್ರ್ಯಾಂಗಲ್’ ಮಾಡುತ್ತಿದೆ ಎಂಬ ನಿಮ್ಮ ವಾಕ್ಯಕ್ಕೆ ‘ಕತ್ತು ಹಿಸುಕುತ್ತಿದೆ’ ಎಂಬುದು ಹೇಳಿಮಾಡಿಸಿದ ಮಾತು. ಮಾರುಕಟ್ಟೆಯ ಮೇಲೆ ಕೆಲವೇ ಕಂಪನಿಗಳಿಗೆ ‘ಸ್ಟ್ರ್ಯಾಂಗಲ್‌ಹೋಲ್ಡ್’ ಇದೆ ಎಂದಿದ್ದರೆ, ಮಾರುಕಟ್ಟೆ ಅವುಗಳ ಕಪಿಮುಷ್ಟಿಯಲ್ಲಿದೆ ಎಂದು ಬರೆಯಿರಿ.

ಇದಕ್ಕೆ ಹತ್ತಿರದ ‘ಥ್ರಾಟಲ್’ ಪದದಲ್ಲಿ ಎಚ್ಚರ ಬೇಕು. ಗಂಟಲು ಎಂಬ ಅರ್ಥದ ಇಂಗ್ಲಿಷ್ ಪದದಿಂದಲೇ ಅದು ಹುಟ್ಟಿದೆ, ಕ್ರಿಯಾಪದವಾಗಿ ಕತ್ತು ಹಿಸುಕು ಎಂದೇ ಅರ್ಥ. ಎಂಜಿನ್ನಿನಲ್ಲಿ ಒಳಬರುವ ಗಾಳಿಯ ಹರಿವನ್ನು ಹೆಚ್ಚು ಕಡಿಮೆ ಮಾಡುವ ಕವಾಟಕ್ಕೂ ಅದೇ ಹೆಸರು, ಆದ್ದರಿಂದ ‘ಫುಲ್ ಥ್ರಾಟಲ್’ ಎಂದರೆ ಕವಾಟ ಪೂರ್ತಿ ತೆರೆದು ಎಂಜಿನ್ ಗರಿಷ್ಠ ಶಕ್ತಿಯಲ್ಲಿ ಓಡುತ್ತಿದೆ ಎಂದು. ಇಂಟರ್‌ನೆಟ್ ಸಂಪರ್ಕವನ್ನು ‘ಥ್ರಾಟಲ್’ ಮಾಡಿದರು ಎಂದರೆ ಮಾತ್ರ ಬೇಕೆಂದೇ ವೇಗವನ್ನು ತಗ್ಗಿಸಿದರು ಎಂದಾಗುತ್ತದೆ. ಒಂದೇ ಪದ ನಾಮಪದವೋ ಕ್ರಿಯಾಪದವೋ ಎಂಬುದರ ಮೇಲೆ ವೇಗ, ತಡೆ ಎರಡನ್ನೂ ಸೂಚಿಸುತ್ತದೆ.

ಮೂಗು ಬಾಯಿಗಳನ್ನು ದಿಂಬಿನಿಂದಲೋ ಬಟ್ಟೆಯಿಂದಲೋ ಮುಚ್ಚಿ ಉಸಿರು ನಿಲ್ಲಿಸುವುದು ‘ಸ್ಮದರ್’. ಅಪರಾಧ ಸುದ್ದಿಯಲ್ಲಿ ಇದಕ್ಕೆ ‘ಕತ್ತು ಹಿಸುಕಿ ಕೊಲೆ’ ಎಂದು ಬರೆದರೆ ಅದು ವಾಸ್ತವಕ್ಕೆ ವಿರುದ್ಧವಾದ ವರದಿಯಾಗುತ್ತದೆ, ಏಕೆಂದರೆ ಕುತ್ತಿಗೆಯ ಮೇಲೆ ಗುರುತು ಇದೆಯೋ ಇಲ್ಲವೋ ಎಂಬುದೇ ತನಿಖೆಯಲ್ಲಿ ನಿರ್ಣಾಯಕವಾಗಬಹುದು. ಈ ಪದದ ರೂಪಕಗಳಲ್ಲಿ ಮೇಲಿನಿಂದ ಹೊದ್ದಿಸಿದ ಭಾವವಿದೆ. ಬೆಂಕಿಯನ್ನು ಕಂಬಳಿ ಹೊದಿಸಿ ನಂದಿಸುವುದು, ಒತ್ತಾಗಿ ಬೆಳೆದ ಬೆಳೆಯು ಕಳೆಯನ್ನು ಮುಚ್ಚಿ ಮೇಲೇಳದಂತೆ ಮಾಡುವುದು, ತಾಯಿಯ ಅತಿಯಾದ ಅಕ್ಕರೆಯಲ್ಲಿ ಮಗು ನಲುಗುವುದು, ಇವೆಲ್ಲವೂ ‘ಸ್ಮದರ್’. ಕೊನೆಯದಕ್ಕೆ ‘ಉಸಿರುಗಟ್ಟಿಸುವ ಪ್ರೀತಿ’ ಎನ್ನುವುದು ನನಗೆ ಒಪ್ಪಿಗೆ.

ಹೀಗೆ ಮುಚ್ಚುವ ಅರ್ಥದಿಂದ ಮುಚ್ಚಿಹಾಕುವ ಅರ್ಥಕ್ಕೆ ಸರಿದ ಇನ್ನೊಂದು ಪದ ಹಳೆಯ ಇಂಗ್ಲಿಷ್ ಬರಹಗಳಲ್ಲಿ ನಿಮಗೆ ಎದುರಾಗಬಹುದು. 1828ರಲ್ಲಿ ಎಡಿನ್‌ಬರೋ ನಗರದಲ್ಲಿ ವಿಲಿಯಂ ಬರ್ಕ್ ಮತ್ತು ವಿಲಿಯಂ ಹೇರ್ ಎಂಬಿಬ್ಬರು 16 ಜನರನ್ನು ಕೊಂದು, ಶವಗಳನ್ನು ಅಂಗರಚನಾಶಾಸ್ತ್ರದ ಬೋಧಕ ರಾಬರ್ಟ್ ನಾಕ್ಸ್ ಅವರಿಗೆ ಮಾರಿದರು. ಗಾಯದ ಗುರುತು ಉಳಿಯದಂತೆ ಉಸಿರುಗಟ್ಟಿಸಿ ಕೊಲ್ಲುವುದು ಅವರ ಕ್ರಮವಾಗಿತ್ತು. 1829ರ ಜನವರಿಯಲ್ಲಿ ಬರ್ಕ್‌ನನ್ನು ಗಲ್ಲಿಗೇರಿಸಲಾಯಿತು, ಅವನ ಹೆಸರೇ ‘ಬರ್ಕ್’ ಎಂಬ ಕ್ರಿಯಾಪದವಾಯಿತು. ಆಮೇಲೆ ಚರ್ಚೆಯನ್ನೋ ವಿಚಾರಣೆಯನ್ನೋ ಸದ್ದಿಲ್ಲದೆ ಅಡಗಿಸುವುದಕ್ಕೂ ಆ ಪದ ಬಳಕೆಗೆ ಬಂತು. ಅಂಥ ವಾಕ್ಯಕ್ಕೆ ನಮ್ಮ ‘ಮುಚ್ಚಿಹಾಕು’ ಸಾಕು.

‘ಸ್ಟೈಫಲ್’ ಇಂದು ಹೆಚ್ಚಾಗಿ ರೂಪಕವಾಗಿಯೇ ಬಳಕೆಯಲ್ಲಿದೆ. ಆಕಳಿಕೆಯನ್ನೋ ನಗುವನ್ನೋ ತಡೆದುಕೊಳ್ಳುತ್ತೇವೆ, ಭಿನ್ನಮತವನ್ನು ಹತ್ತಿಕ್ಕುತ್ತಾರೆ. ಒಂದರಲ್ಲಿ ತನ್ನನ್ನು ತಾನೇ ತಡೆಯುವುದು, ಇನ್ನೊಂದರಲ್ಲಿ ಅಧಿಕಾರ ತಡೆಯುವುದು.

‘ಆಸ್ಫಿಕ್ಸಿಯಾ’ ವೈದ್ಯಕೀಯ ಪದ. ಗ್ರೀಕ್ ಮೂಲದಲ್ಲಿ ಅದರ ಅರ್ಥ ನಾಡಿಯಿಲ್ಲದಿರುವುದು. ಉಸಿರಿನ ಅರ್ಥ ಅನಂತರ ಬಂದದ್ದು. ‘ಶ್ವಾಸಾವರೋಧ’ ಎಂಬ ಪದ ವರದಿಗಳಿಗೆ ಹೊಂದುತ್ತದೆಯಾದರೂ, ಕಾರ್ಬನ್ ಮೊನಾಕ್ಸೈಡ್‌ನಿಂದಾದ ಸಾವಿಗೆ ಅದನ್ನು ಬಳಸುವಾಗ ಯೋಚಿಸಿ. ಅಲ್ಲಿ ಉಸಿರಿಗೆ ಅಡ್ಡಿಯೇ ಇರುವುದಿಲ್ಲ, ಎದೆ ಏರಿಳಿಯುತ್ತಲೇ ಇರುತ್ತದೆ. ಆ ಅನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವುದರಿಂದ ರಕ್ತವು ಆಮ್ಲಜನಕವನ್ನು ಸಾಗಿಸಲಾರದೆ ಹೋಗುತ್ತದೆ. ‘ವಿಷಾನಿಲ ಸೇವನೆಯಿಂದ ಸಾವು’ ಎಂಬುದು ಹೆಚ್ಚು ನಿಖರ.

ಕ್ರಿಕೆಟ್ ಸುದ್ದಿಯ ‘ಚೋಕರ್ಸ್’ ಬಗ್ಗೆಯೂ ನೀವು ಕೇಳಿದ್ದೀರಿ. 1999ರ ವಿಶ್ವಕಪ್ ಸೆಮಿಫೈನಲ್ ಟೈ ಆಗಿ ಆಸ್ಟ್ರೇಲಿಯಾ ಫೈನಲ್ ತಲುಪಿದ ಮೇಲೆ ದಕ್ಷಿಣ ಆಫ್ರಿಕಾ ತಂಡಕ್ಕೆ ಆ ಹಣೆಪಟ್ಟಿ ಗಟ್ಟಿಯಾಗಿ ಅಂಟಿಕೊಂಡಿತು. ಗೆಲುವು ಕೈಗೆಟಕುವಾಗ ಒತ್ತಡಕ್ಕೆ ಸಿಲುಕಿ ಪಂದ್ಯ ಕೈಚೆಲ್ಲುವುದು ಅದರ ಅರ್ಥ. ಕನ್ನಡದ ಕ್ರೀಡಾಪುಟಗಳ ಓದುಗರಿಗೆ ‘ಚೋಕರ್ಸ್’ ಪರಿಚಿತವಾಗಿರುವುದರಿಂದ ಹಣೆಪಟ್ಟಿಯಾಗಿ ಬಂದ ಕಡೆ ಅದನ್ನು ಹಾಗೆಯೇ ಉಳಿಸಿ, ಕ್ರಿಯಾಪದವಾಗಿ ಬಂದ ಕಡೆ ‘ಕೈಚೆಲ್ಲಿತು’ ಎಂದು ಬರೆಯಿರಿ.