ಟಾಪ್ ಮೇಲೆ ಎರಡು ಮೂಟೆ ಕಾಫಿ

ಪ್ರಶ್ನೆ: ಸರ್, ಜೂನ್ ಕೊನೆಗೆ ನಾನು, ಹೆಂಡತಿ, ಇಬ್ಬರು ಮಕ್ಕಳು ನಮ್ಮ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮನಾಲಿ ದಾರಿಯಾಗಿ ಲೇಹ್‌ಗೆ, ಅಲ್ಲಿಂದ ಹಾನ್ಲೆಗೆ ಹೋಗುತ್ತಿದ್ದೇವೆ. ಡಿಕ್ಕಿ ಸಾಲುತ್ತಿಲ್ಲ. ಇಲ್ಲಿ ವೆಲ್ಡಿಂಗ್ ಶಾಪಿನವರೊಬ್ಬರು ಕಬ್ಬಿಣದ ಪೈಪಿನಲ್ಲಿ ಗಟ್ಟಿ ಕ್ಯಾರಿಯರ್ ಮಾಡಿಕೊಡುತ್ತಾರೆ. ಅದರ ತೂಕವೇ 38 ಕೆ.ಜಿ. ಮೇಲೆ ಎರಡು ಜೆರ್ರಿ ಕ್ಯಾನ್ ಪೆಟ್ರೋಲ್, ಇನ್ನೊಂದು ಸ್ಟೆಪ್ನಿ, 20 ಲೀಟರ್ ನೀರಿನ ಕ್ಯಾನ್, ಟೆಂಟು, ಸ್ಲೀಪಿಂಗ್ ಬ್ಯಾಗುಗಳನ್ನು ಇಡಬೇಕು. ಗಾಡಿಯ ಪುಸ್ತಕದಲ್ಲಿ ಟಾಪ್ ಮೇಲೆ 100 ಕೆ.ಜಿ. ಎಂದಿದೆ. ಸಾಮಾನು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಸರಿ ಅಲ್ವಾ?
— ಶಿವಮೊಗ್ಗದ ಓದುಗರು

ಉತ್ತರ: ಸರಿ ಇಲ್ಲ. ಆದರೆ ಪುಸ್ತಕ ತೆಗೆದು ನೋಡಿದಿರಲ್ಲ, ಅದಕ್ಕೆ ನಿಮಗೊಂದು ಕಾಫಿ ಕುಡಿಸಬೇಕು. ನನ್ನ ಗ್ಯಾರೇಜಿಗೆ ಕ್ಯಾರಿಯರ್ ಕೂರಿಸಲು ಬರುವವರಲ್ಲಿ ಹೆಚ್ಚಿನವರು ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೇ ಬಿಚ್ಚಿರುವುದಿಲ್ಲ.

ನೂರು ಕೆ.ಜಿ. ಎಂದರೆ ನಮ್ಮ ಮೂಡಿಗೆರೆ ಲೆಕ್ಕದಲ್ಲಿ ಎರಡು ಮೂಟೆ ಕಾಫಿ. ಆ ಲೆಕ್ಕದಲ್ಲಿ ಕ್ಯಾರಿಯರ್ ಕೂಡ ಸೇರಿದೆ. ನಿಮ್ಮ 38 ಕೆ.ಜಿ. ಕಬ್ಬಿಣ ಹತ್ತಿದ ಕೂಡಲೇ ಉಳಿಯುವುದು 62. ಈಗ ಸಾಮಾನು ನೋಡೋಣ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆ.ಜಿ.ಗೆ ಹತ್ತಿರ. 20 ಲೀಟರ್‌ಗೆ 15 ಕೆ.ಜಿ., ಕಬ್ಬಿಣದ ಕ್ಯಾನಿಗೆ ಇನ್ನೊಂದು ನಾಲ್ಕು. ಎರಡು ಕ್ಯಾನಿಗೆ 38. ರಿಮ್ ಸಮೇತ ಸ್ಟೆಪ್ನಿ 30ರ ಮೇಲೆ, 32 ಎಂದುಕೊಳ್ಳಿ. ನೀರು 21. ಟೆಂಟು, ಬ್ಯಾಗುಗಳು 18. ಸಾಮಾನೇ 109, ಕ್ಯಾರಿಯರ್ ಸೇರಿ 147. ಮೂರನೇ ಮೂಟೆಗೆ ಬರೀ ಮೂರು ಕೆ.ಜಿ. ಕಮ್ಮಿ.

ಆ ನೂರು ಕೂಡ ಡಾಂಬರು ರಸ್ತೆಯ ಲೆಕ್ಕ. ಕೆಲವು ಕ್ಯಾರಿಯರ್ ಕಂಪನಿಗಳು ಕಚ್ಚಾ ರಸ್ತೆಗೆ ಬೇರೆಯೇ ತೂಕ ಕೊಡುತ್ತವೆ. ಡಾಂಬರಿನಲ್ಲಿ ಹೊರುವ ತೂಕದ ಮೂರರಲ್ಲಿ ಎರಡು ಪಾಲು ಮಾತ್ರ. ನಾನೂ ಅದನ್ನೇ ಹಿಡಿಯುತ್ತೇನೆ. ಅಲ್ಲಿಗೆ ನಿಮ್ಮ 100 ಹೋಗಿ 66 ಆಯಿತು. ಗುಂಡಿಗೆ ಇಳಿದು ಎದ್ದಾಗ ಮೇಲಿನ ಕ್ಯಾನು 20 ಕೆ.ಜಿ. ಆಗಿ ಉಳಿಯುವುದಿಲ್ಲ, ಸುತ್ತಿಗೆ ಆಗುತ್ತದೆ. ಇನ್ನು ಓಲಾಟ. ನೀರು ತುಂಬಿದ ಕೊಡ ಸೊಂಟದಲ್ಲಿದ್ದರೆ ಏರಿ ಹತ್ತಿ ಇಳಿಯಬಹುದು. ಅದೇ ಕೊಡ ತಲೆ ಮೇಲಿದ್ದರೆ ತಿರುಗುವಾಗ ಮೈಯೆಲ್ಲ ಬಿಗಿ ಹಿಡಿಯಬೇಕು. ಗಾಡಿಗೂ ಹಾಗೆಯೇ. ಮನಾಲಿ-ಲೇಹ್ ದಾರಿಯ ಗಾಟಾ ಲೂಪ್ಸ್‌ನಲ್ಲಿ ಸಾಲಾಗಿ 21 ಹೇರ್‌ಪಿನ್ ತಿರುವುಗಳಿವೆ. ಇಷ್ಟು ಹೊರೆ ಹೊತ್ತು ಅಲ್ಲಿ ತಿರುಗಿಸಿದರೆ ಐದನೇ ತಿರುವಿಗೇ ನಿಮ್ಮ ಹೆಂಡತಿ ಇಳಿದು ನಡೆಯುತ್ತೇನೆ ಎಂದಾರು.

ಹಾಗಾದರೆ ಏನು ಮಾಡುವುದು? ಮೊದಲು ಆ ಕಬ್ಬಿಣದ ಕ್ಯಾರಿಯರ್ ಬಿಡಿ. ಅಲ್ಯೂಮಿನಿಯಂನದು 22 ಕೆ.ಜಿ. ಆಸುಪಾಸಿನಲ್ಲಿ ಸಿಗುತ್ತದೆ. ದುಡ್ಡು ಜಾಸ್ತಿ, ನಿಜ. ಅಷ್ಟು ಖರ್ಚು ಬೇಡ ಎನಿಸಿದರೆ ಕ್ಯಾರಿಯರ್ ಆಸೆಯನ್ನೇ ಬಿಟ್ಟು ಸಾಮಾನು ಕಮ್ಮಿ ಮಾಡಿ.

ನೀರನ್ನು ಕೆಳಗಿಳಿಸಿ. ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ನೆಲಕ್ಕೆ ತಾಗಿಸಿ ಕಟ್ಟಿ. ಭಾರದ ಸಾಮಾನಿಗೆಲ್ಲ ಅದೇ ಜಾಗ. ಹಗುರ ಇದ್ದೂ ಜಾಗ ತಿನ್ನುವಂಥದ್ದು ಮಾತ್ರ ಮೇಲಕ್ಕೆ. ಟೆಂಟು, ಹಾಸಿಗೆ, ಮಡಚುವ ಕುರ್ಚಿ ಎಲ್ಲ ಹೋಗಲಿ. ಎರಡನೇ ಸ್ಟೆಪ್ನಿ ಬೇಕೇ ಬೇಕಾ? ಒಂದು ಒಳ್ಳೆಯ ಪಂಕ್ಚರ್ ಕಿಟ್, 12 ವೋಲ್ಟಿನ ಗಾಳಿ ಪಂಪು ಇದ್ದರೆ ಸಾಕು. ಎರಡೂ ಸೇರಿ ಮೂರು ಕೆ.ಜಿ. ದಾಟುವುದಿಲ್ಲ.

ಈಗ ಪೆಟ್ರೋಲ್. ಮನಾಲಿ ಬಿಟ್ಟು ಅಟಲ್ ಸುರಂಗ ದಾಟಿದ ಮೇಲೆ ಟಾಂಡಿ ಬಂಕ್ ಸಿಗುತ್ತದೆ. ಮುಂದಿನ ಬಂಕ್ 365 ಕಿ.ಮೀ. ದೂರ ಎಂಬ ಅಲ್ಲಿನ ಬೋರ್ಡಿನ ಪಕ್ಕ ನಿಂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಬೋರ್ಡು ನೋಡಿಯೇ ಜನ ನಾಲ್ಕು ಕ್ಯಾನು ಹೊರುವುದು! ಲೇಹ್‌ಗೆ ಮುಂಚೆ ಕಾರೂ ಎಂಬ ಊರಿನಲ್ಲಿ ಬಂಕ್ ಇದೆ. ನಿಮ್ಮ ಟ್ಯಾಂಕ್ 55 ಲೀಟರ್ ಹಿಡಿದರೆ, ಎತ್ತರದಲ್ಲಿ ಮೈಲೇಜ್ ಬಿದ್ದು 9 ಕೊಟ್ಟರೂ 495 ಕಿ.ಮೀ. ಆಯಿತಲ್ಲ. ಟಾಂಡಿಯಲ್ಲಿ ಟ್ಯಾಂಕ್ ತುಂಬಿಸಿದರೆ ಕ್ಯಾನಿನ ಮಾತೇ ಇಲ್ಲ. ಕ್ಯಾನು ಬೇಕಾಗುವುದು ಲೇಹ್ ಬಿಟ್ಟು ಹಾನ್ಲೆ ಕಡೆ ಹೊರಟಾಗ. ಹೋಗಲಿಕ್ಕೇ ಸುಮಾರು 250 ಕಿ.ಮೀ. ಇದೆ. ಆದ್ದರಿಂದ ಒಂದೇ ಕ್ಯಾನು. ಶಿವಮೊಗ್ಗದಿಂದ ಖಾಲಿ ಒಯ್ಯಿರಿ, ಲೇಹ್‌ನಲ್ಲಿ ತುಂಬಿಸಿ. ಅರ್ಧ ಟ್ಯಾಂಕ್ ಖಾಲಿಯಾದ ಕೂಡಲೇ ಎಂಜಿನ್ ನಿಲ್ಲಿಸಿ ಸುರಿದುಬಿಡಿ. ಅಲ್ಲಿಗೆ ಮೇಲಿನ ಹೊರೆಯೂ ಇಳಿಯಿತು. ಕ್ಯಾರಿಯರ್ 22, ಟೆಂಟು ಗಿಂಟು 18, ತುಂಬಿದ ಕ್ಯಾನು 19, ಒಟ್ಟು 59. ನಮ್ಮ 66ರ ಒಳಗೇ ಇದೆ.

ಆ ಕ್ಯಾನನ್ನು ಮೂಲೆಗೆ ಇಡಬೇಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಎಡಬಲಕ್ಕೂ ನಡುವೆ, ಬ್ರಾಕೆಟ್ಟಿನೊಳಗೆ ನೆಟ್ಟಗೆ ನಿಲ್ಲಿಸಿ. ತುಂಬಿಸುವಾಗ ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಿಸಿ, ಗಾಡಿ ಮೇಲಿಟ್ಟು ಅಲ್ಲ. ಸ್ಟಾಟಿಕ್ ಕಿಡಿ ಒಂದು ಸಾಕು. ಬಾಯಿ ತನಕ ತುಂಬಬೇಡಿ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಕ್ಯಾನು ಉಬ್ಬುತ್ತದೆ. ಮುಚ್ಚಳ ನಿಧಾನ ಸಡಿಲಿಸಿ, ಮುಖ ಆಚೆ ಇರಲಿ.

ಹಾನ್ಲೆಯಲ್ಲಿ ರಾತ್ರಿ ಮಕ್ಕಳಿಗೆ ಒಂದು ವಿಷಯ ಹೇಳಿ. ಅಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ನಾವು ಮೂರು ಸಾವಿರ ಕಿ.ಮೀ. ದಾಟಿ ಓಡಿಸಿಕೊಂಡು ಹೋಗಬೇಕು, ಏನು ಮಾಡೋದು!

ಪ್ರಶ್ನೆ: ಕ್ಯಾರಿಯರ್ ಬೋಲ್ಟುಗಳನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು? ಅಂಗಡಿಯವರು ಒಂದ್ಸಲ ಬಿಗಿ ಮಾಡಿದರೆ ಮುಗೀತು ಎನ್ನುತ್ತಾರೆ.
— ಚಳ್ಳಕೆರೆಯ ಓದುಗರು

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ, 2011ರ ತನಕ. ಆ ವರ್ಷ ಸ್ಪಿತಿ ಸುತ್ತಿ ಕಾಜಾದಿಂದ ಮನಾಲಿಗೆ ವಾಪಸ್ ಬರುತ್ತಿದ್ದೆ. ಕುಂಜುಂ ಕಣಿವೆ ಇಳಿದು ಬಾತಲ್ ದಾಟಿದರೆ ಅದು ರಸ್ತೆಯಲ್ಲ, ಹೊಳೆ ಬಿಟ್ಟುಹೋದ ಕಲ್ಲಿನ ಹಾಸು. ಮೇಲಿಂದ ಟಕ್ ಟಕ್ ಎಂದು ಕೇಳಿಸುತ್ತಿತ್ತು. ಟೀ ಪಾತ್ರೆ ಇರಬೇಕು ಎಂದುಕೊಂಡು ಸುಮ್ನೆ ಓಡಿಸಿದೆ. ಛತ್ರೂ ಹತ್ತಿರ ಎದುರಿಗೆ ಕುರಿ ಹಿಂಡು ಬಂತು, ಬ್ರೇಕ್ ಒತ್ತಿದೆ. ಇಡೀ ಕ್ಯಾರಿಯರ್ ಸಾಮಾನು ಸಮೇತ ಒಂದು ಗೇಣು ಮುಂದೆ ಜಾರಿತು. ಮುಂದಿನ ಪೈಪು ಗಾಜಿಗೆ ಬಡಿಯಿತು. ಇಳಿದು ನೋಡಿದರೆ ಮುಂದಿನ ಎರಡು ಕ್ಲಾಂಪಿಗೂ ನಟ್ಟೇ ಇಲ್ಲ. ಎಲ್ಲಿ ಬಿದ್ದವೋ. ಒಡೆದ ಗಾಜಿನಲ್ಲೇ ಮನಾಲಿ ತನಕ ಬಂದೆ, ಒಳಗೆ ಕೂತಿದ್ದವರೆಲ್ಲ ಕಂಬಳಿ ಹೊದ್ದುಕೊಂಡು. ಕೂರಿಸಿದ್ದು ನಾನೇ. ಯಾರನ್ನು ಬಯ್ಯಲಿ?

ಅವತ್ತಿನಿಂದ ಬರೀ ನೈಲಾಕ್ ನಟ್. ಒಳಗೆ ನೈಲಾನ್ ಬಳೆ ಇರುತ್ತದಲ್ಲ, ಅದು. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕುವುದಿಲ್ಲ, ಹೊಸದು ಹಾಕುತ್ತೇನೆ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿಗೆ ಅಡ್ಡಲಾಗಿ ಬಿಳಿ ಪೇಂಟಿನ ಒಂದು ಗೆರೆ ಎಳೆಯುತ್ತೇನೆ. ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಎಂದರ್ಥ. ಹೊಸ ಕ್ಯಾರಿಯರ್ ಆದರೆ ಮೊದಲ 50 ಕಿ.ಮೀ.ಗೆ ಒಮ್ಮೆ ಸ್ಪ್ಯಾನರ್ ಹಾಕಿ. ಆಮೇಲೆ ಕಚ್ಚಾ ರಸ್ತೆಯಲ್ಲಿ ಪ್ರತಿ ಸಂಜೆ. ಸರಿ ಅಳತೆಯ ಸ್ಪ್ಯಾನರ್ ಡ್ರೈವರ್ ಬಾಗಿಲಿನಲ್ಲೇ ಇರಲಿ. ಟೂಲ್ ಬಾಕ್ಸಿನ ತಳದಲ್ಲಿದ್ದರೆ ಯಾರೂ ತೆಗೆಯುವುದಿಲ್ಲ. ನಾನೂ ತೆಗೆಯುವುದಿಲ್ಲ.

ಪ್ರಶ್ನೆ: ನಾನು ಹಾಸನದವನು, ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದೇನೆ. ಜುಲೈನಲ್ಲಿ ಗಿಬ್ ರಿವರ್ ರಸ್ತೆಗೆ ಹೋಗಬೇಕು. ಗಾಡಿ ಟಾಪಿನ ಮಿತಿ 80 ಕೆ.ಜಿ. ಮೇಲೆ ಕೂರಿಸುವ ಟೆಂಟ್ 62 ಕೆ.ಜಿ., ಅಡ್ಡ ಬಾರ್‌ಗಳು 9. ನಾವಿಬ್ಬರು ಸೇರಿ 140. ಮಲಗಿದರೆ ಟಾಪ್ ಕುಸಿಯಲ್ವಾ?
— ಪರ್ತ್‌ನ ಓದುಗರು

ಉತ್ತರ: ಮಲಗಿದಾಗಿನ ಭಯ ಬೇಡ, ಓಡಿಸುವಾಗಿನ ಭಯ ಇರಲಿ. 80 ಎನ್ನುವುದು ಗಾಡಿ ಓಡುವಾಗಿನ ತೂಕ. ನಿಂತ ಗಾಡಿ ಅದಕ್ಕಿಂತ ಎಷ್ಟೋ ಜಾಸ್ತಿ ಹೊರುತ್ತದೆ. ಆಗ ಬ್ರೇಕಿಲ್ಲ, ಗುಂಡಿಯಿಲ್ಲ, ತಿರುವಿಲ್ಲ. ಗಾಡಿಗೂ ಬಾರ್‌ಗೂ ನಿಂತಾಗಿನ ತೂಕ ಬೇರೆ ಇರುತ್ತದೆ. ಎರಡನ್ನೂ ಕೇಳಿ, ಕಡಿಮೆ ಇದ್ದದ್ದನ್ನು ಹಿಡಿಯಿರಿ.

ಓಡುವಾಗ ನಿಮ್ಮದು 71. ಡಾಂಬರಿಗೆ ಸರಿ. ಆದರೆ ಗಿಬ್ ರಸ್ತೆ 660 ಕಿ.ಮೀ., ದನಗಳನ್ನು ಬಂದರಿಗೆ ಸಾಗಿಸಲು ಮಾಡಿದ ದಾರಿ. ಬಹುಪಾಲು ಮಣ್ಣು, ಮೇಲೆ ತಗಡಿನ ಶೀಟಿನ ಹಾಗೆ ಅಲೆ ಅಲೆ. ದೊಡ್ಡ ಗುಂಡಿಯಾದರೆ ಒಂದೇಟು, ಈ ಅಲೆಗಳದ್ದು ದಿನವಿಡೀ ಸಾವಿರ ಏಟು. ಮೂರರಲ್ಲಿ ಎರಡು ಪಾಲು ಎಂದರೆ ನಿಮಗೆ ಸಿಗುವುದು 53. ಟೆಂಟೊಂದೇ ಅದನ್ನು ದಾಟಿತು. ನಾನಾದರೆ ನೆಲದ ಮೇಲೆ ಹಾಕುವ ಟೆಂಟ್ ಒಯ್ಯುತ್ತೇನೆ. ಟೈರಿನ ಗಾಳಿ ಇಳಿಸಿ ನಿಧಾನ ಓಡಿಸಿದರೆ ಬೋಲ್ಟಿಗೂ ಬೆನ್ನಿಗೂ ಒಳ್ಳೆಯದು. ಇನ್ನೊಂದು, ಟಾಪಿನ ತೂಕವೂ ಗಾಡಿಯ ಒಟ್ಟು ತೂಕದ ಮಿತಿಯೊಳಗೇ ಬರಬೇಕು. ಫ್ರಿಜ್, ನೀರು, ನೀವಿಬ್ಬರು ಎಲ್ಲ ಸೇರಿ. ಎಲ್ಲ ಹೇರಿದ ಮೇಲೆ ಒಮ್ಮೆ ವೇಬ್ರಿಡ್ಜ್ ಮೇಲೆ ಹತ್ತಿಸಿ ನೋಡಿ.

ಪ್ರಶ್ನೆ: ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯಬಹುದಾ? ಲೈಸೆನ್ಸ್ ಬೇಕಾ?
— ಹುಬ್ಬಳ್ಳಿಯ ಓದುಗರು

ಉತ್ತರ: 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದೆ ಒಟ್ಟು 30 ಲೀಟರ್ ತನಕ ಪೆಟ್ರೋಲಿಗೆ ಲೈಸೆನ್ಸ್ ಬೇಡ. ಆದರೆ ಪಾತ್ರೆ ಭದ್ರವಾಗಿ ಮುಚ್ಚಿರಬೇಕು. ಲೋಹದ್ದಾದರೆ 25 ಲೀಟರ್ ಮೀರಬಾರದು. ಗಾಜು, ಪಿಂಗಾಣಿಯಂಥದ್ದಾದರೆ ಒಂದು ಲೀಟರ್. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಇಲ್ಲ. ಶಿವಮೊಗ್ಗದವರೇ, ಇದನ್ನು ನೀವೂ ಓದಿ. ನಿಮ್ಮ ಎರಡು ಕ್ಯಾನು 40 ಲೀಟರ್ ಆಗುತ್ತಿತ್ತು.

ಪ್ರಶ್ನೆ: ಹಗ್ಗ ಒಳ್ಳೆಯದೋ ಬೆಲ್ಟೋ? ಬೆಲ್ಟ್ ಹಾಕಿದರೆ 60 ದಾಟುತ್ತಲೇ ಗುಂಯ್ ಎನ್ನುತ್ತದೆ.
— ಸಕಲೇಶಪುರದ ಓದುಗರು

ಉತ್ತರ: ರ‍್ಯಾಚೆಟ್ ಬೆಲ್ಟ್. ಕೊಕ್ಕೆಯ ರಬ್ಬರ್ ಹಗ್ಗ ಟಾರ್ಪಾಲಿನ ಅಂಚು ಹಿಡಿಯಲಿಕ್ಕೆ ಮಾತ್ರ, ಸಾಮಾನು ಕಟ್ಟಲಿಕ್ಕಲ್ಲ. ಬ್ರೇಕ್ ಹಾಕಿದರೆ ಅದು ಹಿಗ್ಗುತ್ತದೆ. ಬೆಲ್ಟನ್ನು ಎರಡು ಕಡೆಯಿಂದಲೂ ಎಳೆಯಿರಿ, ಒಂದು ಅಡ್ಡ, ಒಂದು ಉದ್ದ. ಉದ್ದದ್ದು ಬಹಳ ಜನ ಹಾಕುವುದಿಲ್ಲ, ಸಾಮಾನು ಗಾಜಿನ ಮೇಲೆ ಬರುವುದು ಅಲ್ಲಿಂದಲೇ. ಗುಂಯ್ ಶಬ್ದಕ್ಕೆ ಮದ್ದು ಸುಲಭ. ಬಿಗಿ ಮಾಡುವ ಮೊದಲು ಬೆಲ್ಟಿಗೆ ಒಂದೆರಡು ಸುತ್ತು ತಿರುಚು ಕೊಡಿ. ಮಳೆಯಲ್ಲಿ ನೆನೆದ ಮೇಲೆ ಮತ್ತೆ ಬಿಗಿ ನೋಡಿ. ಮತ್ತೆ ನಿಮ್ಮದು ಶಿರಾಡಿ ಘಾಟಿಯ ಕಡೆ, ಮನೆ ದಾರಿಯಲ್ಲೂ ಬಗ್ಗಿದ ಕೊಂಬೆಗಳಿರುತ್ತವೆ. ಲೋಡ್ ಆದ ಮೇಲೆ ಟೇಪ್ ಹಿಡಿದು ನೆಲದಿಂದ ಎತ್ತರ ಅಳೆದು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿ. ನನ್ನ ಜೀಪಿನಲ್ಲಿ ಏಳು ಅಡಿ ಎರಡು ಇಂಚು ಎಂದು ಇದೆ. ಮನೆಯ ಶೆಡ್ಡಿನ ಬಾಗಿಲು ಏಳು ಅಡಿ. ಹೇಗೆ ಗೊತ್ತಾಯಿತು ಎಂದು ಕೇಳಬೇಡಿ.