ಟರ್ಕಿಯ ಸಫ್ರಾನ್‌ಬೊಲು ಪಟ್ಟಣದಲ್ಲಿ ಆಟೊಮನ್ ಕಾಲದ ಮನೆಗಳು ಇಷ್ಟೊಂದು ಉಳಿದಿದ್ದು ಹೇಗೆ?

ವ್ಯಾಪಾರ ಊರು ಬಿಟ್ಟು ಹೋಗಿದ್ದರಿಂದ! ಮೊದಲು ಇಲ್ಲಿ ದುಡ್ಡು ಜಾಸ್ತಿಯೇ ಓಡಾಡುತ್ತಿತ್ತು. ಕಪ್ಪು ಸಮುದ್ರದ ಕಡೆಯ ವ್ಯಾಪಾರದ ದಾರಿ ಈ ಊರಿನ ಮೂಲಕ ಹೋಗುತ್ತಿತ್ತು. ವರ್ತಕರು ಸರಕು, ಹೇರು ಹೊರುವ ಪ್ರಾಣಿಗಳ ಸಮೇತ ತಂಗಲು 17ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ಛತ್ರ ‘ಜಿಂಜಿ ಹಾನ್’ ಇನ್ನೂ ಇದೆ. ಊರಿಗೆ ಹೆಸರು ಬಂದಿದ್ದು ಕೇಸರಿಯಿಂದ, ಆದರೆ ಹೊಟ್ಟೆ ತುಂಬಿಸಿದ್ದು ಸುಮ್ನೆ ಕೇಸರಿಯೊಂದೇ ಅಲ್ಲ. ಚರ್ಮ ಹದ ಮಾಡುವವರು, ಪಾದರಕ್ಷೆ ಹೊಲಿಯುವವರು, ಕಮ್ಮಾರರು ಬೀದಿ ಬೀದಿಯಲ್ಲೂ ಇದ್ದರು. ಆ ಸಂಪಾದನೆಯಲ್ಲೇ ಮರದ ಚೌಕಟ್ಟಿನ ದೊಡ್ಡ ಮನೆಗಳು ಎದ್ದವು.

1930ರ ದಶಕದಲ್ಲಿ ರೈಲು, ಉಕ್ಕಿನ ಕಾರ್ಖಾನೆ ಎರಡೂ ಪಕ್ಕದ ಕರಾಬ್ಯೂಕ್‌ಗೆ ಬಂದವು. ಕೆಲಸ, ಕಾಂಕ್ರೀಟು ಅಲ್ಲಿಗೇ ಹೋದವು. ಇಲ್ಲಿ ಹಳೆಯದನ್ನು ಕೆಡವಿ ಕಟ್ಟಲು ಯಾರಿಗೂ ಅಂಥ ಅವಸರ ಇರಲಿಲ್ಲ. 1994ರಲ್ಲಿ ಊರು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.