ಸಿಟ್ಟಿನ ಪತ್ರ ಬೇರೆ, ಅಪೀಲಿನ ಪತ್ರ ಬೇರೆ

(ಹೆಸರು, ಊರು, ಮನೆಯವರ ಗುರುತು ಬದಲಿಸಿದ್ದೇನೆ. ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ.)

ಬಸವರಾಜ ಎಂದಿಟ್ಟುಕೊಳ್ಳೋಣ. ವಯಸ್ಸು ಮೂವತ್ತರ ಆಸುಪಾಸು, ಬಾಗಲಕೋಟೆ ಜಿಲ್ಲೆಯ ನೇಕಾರರ ಮನೆತನ. ಅಪ್ಪ ಇವತ್ತಿಗೂ ಖಣ ನೇಯುತ್ತಾರೆ. ಮಗ ಮಗ್ಗ ಬಿಟ್ಟು ಕ್ಯಾಮೆರಾ ಹಿಡಿದರು. ಸೀಸನ್ನಿನಲ್ಲಿ ಮದುವೆ, ಸೀಮಂತ, ಜಾತ್ರೆಯ ವಿಡಿಯೋ. ಉಳಿದ ದಿನ ಸಣ್ಣ ಕ್ಲಿಪ್‌ಗಳನ್ನು ತೆಗೆದು ಸಿದ್ಧ ವಿಡಿಯೋ ತುಣುಕುಗಳನ್ನು (ಸ್ಟಾಕ್ ಫುಟೇಜ್) ಮಾರುವ ವಿದೇಶದ ಒಂದು ಆನ್‌ಲೈನ್ ಮಾರುಕಟ್ಟೆಗೆ ಅಪ್‌ಲೋಡ್ ಮಾಡುತ್ತಿದ್ದರು. ಕುಣಿಮಗ್ಗದಲ್ಲಿ ಲಾಳಿ ಓಡುವುದು, ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವುದು, ಆಲಮಟ್ಟಿ ಹಿನ್ನೀರಿನಲ್ಲಿ ಬೆಳಗಿನ ಹೊತ್ತು ಇಳಿಯುವ ಹಕ್ಕಿಗಳು. ಎಲ್ಲೋ ಯಾರೋ ಜಾಹೀರಾತಿಗೋ ಸಾಕ್ಷ್ಯಚಿತ್ರಕ್ಕೋ ಅದನ್ನು ಕೊಂಡರೆ ಇವರಿಗೆ ಡಾಲರಿನಲ್ಲಿ ಪಾಲು ಸಿಗುತ್ತಿತ್ತು. ಮೊದಮೊದಲು ಚಹಾದ ಖರ್ಚಿಗಾಗುವಷ್ಟು ಬರುತ್ತಿದ್ದದ್ದು ಆಮೇಲೆ ಮನೆ ನಡೆಸುವಷ್ಟಾಯಿತು. ಆ ಧೈರ್ಯದ ಮೇಲೆ ಹೆಂಡತಿ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಹೊಸ ಕ್ಯಾಮೆರಾ ಕೊಡಿಸಿದ್ದರು. ವಾರಕ್ಕೊಮ್ಮೆ ಕಂತು.

ಒಂದು ದಿನ ಮೇಲ್ ಬಂತು: ನಿಯಮ ಉಲ್ಲಂಘನೆಯ ಕಾರಣ ಖಾತೆ ಸಸ್ಪೆಂಡ್ ಆಗಿದೆ. ಯಾವ ನಿಯಮ, ಯಾವ ಕ್ಲಿಪ್ ಅನ್ನುವ ವಿವರವಿಲ್ಲ. ಜಮೆಯಾಗಿದ್ದ ರಾಯಲ್ಟಿಯೂ ಅಲ್ಲೇ ನಿಂತಿತು.

ನಾನು ಆಪ್ತಸಮಾಲೋಚಕಿ. ನನ್ನ ಬಳಿ ಬರುವ ಹೊತ್ತಿಗೆ ಅವರಿಗೆ ನಿದ್ದೆ ಪೂರಾ ಕೆಟ್ಟಿತ್ತು. ಆ ಕಂಪನಿಯ ಕಚೇರಿ ತೆರೆಯುವುದು ನಮ್ಮ ರಾತ್ರಿಯಲ್ಲಿ, ಹಾಗಾಗಿ ನಡುರಾತ್ರಿಯವರೆಗೂ ಫೋನಿನ ಮೇಲೆ ಬೆರಳು. ಊಟ ಅರ್ಧಕ್ಕೆ ಬಿಡುತ್ತಿದ್ದರು, ಮದುವೆ ಆರ್ಡರ್ ಬಂದರೂ ಫೋನ್ ಎತ್ತುತ್ತಿರಲಿಲ್ಲ. "ನಾ ಏನ್ ಕಳವು ಮಾಡೇನೇನ್ರಿ ಮೇಡಂ? ಕಳ್ಳಗ ಕಳಿಸಿದಂಗ ಒಂದ ಸಾಲಿನ ಮೇಲ್ ಕಳಿಸ್ಯಾರ್ರಿ" ಅನ್ನುವಾಗ ಕೈ ನಡುಗುತ್ತಿತ್ತು.

ಇಂಥ ಸ್ಥಿತಿಯಲ್ಲಿರುವವರನ್ನು ನಾನು ಸುತ್ತಿ ಬಳಸಿ ಕೇಳುವುದಿಲ್ಲ. "ಸಾಯಬೇಕು ಅನ್ನೋ ವಿಚಾರ ಬಂದೈತೇನ್ರಿ?" ಎಂದೆ. ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದಾಗ ಒಳಗಿನ ಭಾರ ಸ್ವಲ್ಪ ಇಳಿಯುತ್ತದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಸಾಯೂದಲ್ರಿ. ಯಾರಿಗೂ ಹೇಳದ ಪುಣೆಕ್ಕ ಹೋಗಿಬಿಡಬೇಕು ಅನಸ್ತೈತಿ" ಎಂದರು. ಪುಣೆಯಲ್ಲಿ ಯಾರಿದ್ದಾರೆ, ಅಲ್ಲಿ ಏನು ಮಾಡಬೇಕೆಂದಿದ್ದೀರಿ ಎಂದು ಒಂದೊಂದಾಗಿ ಕೇಳಿ, ಅಪಾಯದ ಯೋಜನೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416 ಅನ್ನು ಅವರ ಫೋನಿನಲ್ಲೇ ಸೇವ್ ಮಾಡಿಸಿದೆ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣೋಣ ಎಂದೂ ಹೇಳಿಟ್ಟೆ. ಅದರ ಅಗತ್ಯ ಬೀಳಲಿಲ್ಲ.

ಅವರು ಕಂಪನಿಗೆ ಕಳಿಸಿದ್ದ ಮೇಲ್‌ಗಳನ್ನು ತೋರಿಸಿದರು. ಒಂದರಲ್ಲಿ ಬೈಗುಳ, ಮತ್ತೊಂದರಲ್ಲಿ ಕೋರ್ಟಿಗೆ ಹೋಗುತ್ತೇನೆಂಬ ಮಾತು, ಮುಂದಿನದರಲ್ಲಿ ಮಗಳ ಸಾಲಿ ಫೀ ಕಟ್ಟಬೇಕು ಎಂಬ ಬೇಡಿಕೆ. ಓದಿ ನನಗೆ ಬಹಳ ನೋವಾಯಿತು. ಪ್ರತಿ ಸಾಲೂ ಒಬ್ಬ ಮನುಷ್ಯನ ಜೊತೆ ಮಾತಾಡುತ್ತಿತ್ತು. ಆದರೆ ಆ ಕಡೆ ಕೂತವರು ಹುಡುಕುವುದು ಕಾಗದ ಪತ್ರವನ್ನು. ಈ ಕ್ಲಿಪ್ ಯಾರದು, ಮಾರುವ ಹಕ್ಕು ಇವರಿಗುಂಟೋ ಇಲ್ಲವೋ, ಅಷ್ಟೇ. ಕೊಳ್ಳುವವರಿಗೆ ಲೈಸೆನ್ಸ್ ಕೊಡುವಾಗ ಹಕ್ಕಿನ ಹೊಣೆ ಮಾರುಕಟ್ಟೆಯ ತಲೆಯ ಮೇಲೂ ಇರುವುದರಿಂದ, ಅನುಮಾನ ಬಂದರೆ ಮೊದಲು ಬಾಗಿಲು ಹಾಕಿ ಆಮೇಲೆ ವಿಚಾರಿಸುತ್ತಾರೆ.

ಹಾಗಾಗಿ ಎರಡು ಪತ್ರ ಬರೆಯಿರಿ ಎಂದೆ. ಮೊದಲನೆಯದು ಸಿಟ್ಟಿನದು: ಕನ್ನಡದಲ್ಲಿ, ಕೈಯಿಂದ, ಎಷ್ಟು ಪುಟವಾದರೂ ಆಗಲಿ, ಮನಸ್ಸಿನಲ್ಲಿದ್ದದ್ದೆಲ್ಲ. ಅದು ಕಂಪನಿಗೆ ಹೋಗುವುದಿಲ್ಲ, ನನ್ನ ಕೋಣೆಯಲ್ಲೇ ಇರುತ್ತದೆ. ಎರಡನೆಯದು ಅಪೀಲು. ಮೊದಲನೆಯದು ಮುಗಿಯುವ ತನಕ ಎರಡನೆಯದನ್ನು ಮುಟ್ಟಬಾರದು.

ಸಿಟ್ಟಿನ ಪತ್ರ ಬರೆಯುತ್ತ ಬರೆಯುತ್ತಲೇ ಅದುವರೆಗೂ ಹೇಳದ ಒಂದು ಸಂಗತಿ ಹೊರಬಿತ್ತು. ಕಾಕಾನ ಮಗ ಇವರದೇ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಅಕೌಂಟ್ ತೆರೆದಿದ್ದ. ಅವನಿಗೆ ಬ್ಯಾಂಕ್ ಖಾತೆಯ ತೊಡಕಿತ್ತು ಎಂದು ಹಣ ಬರುವ ಖಾತೆಯೂ ಇವರದೇ ಕೊಟ್ಟಿದ್ದರು. ಹುಡುಗ ತನ್ನ ಕ್ಲಿಪ್ ಸಾಲದ್ದಕ್ಕೆ ಅಣ್ಣನ ಫೋಲ್ಡರಿನಿಂದ ಕೆಲವನ್ನು ಎತ್ತಿ ಹಾಕಿದ್ದ. ಒಂದೇ ಯಂತ್ರ, ಒಂದೇ ಹಣದ ಖಾತೆ, ಒಂದೇ ದೃಶ್ಯ ಎರಡು ಹೆಸರಿನಲ್ಲಿ. ಕಳವು ಪತ್ತೆ ಹಚ್ಚಲು ಇಂಥ ಮಾರುಕಟ್ಟೆಗಳು ನೋಡುವುದೇ ಇದನ್ನು. ಜೊತೆಗೆ ಅಕೌಂಟ್ ಇದ್ದದ್ದು ಸ್ಟುಡಿಯೋ ಹೆಸರಿನಲ್ಲಿ, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು, ಅಡ್ಡಹೆಸರು ಸೇರಿ ಉದ್ದದ ಹೆಸರು, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಇದು ಮನೆಮನೆಯ ಕತೆ. ದೂರದ ಕಂಪ್ಯೂಟರಿಗೆ ಮಾತ್ರ ಅದು ಮೂರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತದೆ.

"ಅಂದ್ರ ತಪ್ಪು ನಂದ ಅಂತೀರೇನ್ರಿ?" ಎಂದರು. ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಕಳ್ಳ ಎಂದು ಅವರ ಮನಸ್ಸು ಹಗಲಿರುಳು ಅವರಿಗೇ ಹೇಳುತ್ತಿತ್ತಲ್ಲ, ಅದಕ್ಕೂ ಈ ಸಂಗತಿಗೂ ನಡುವಿನ ಅಂತರವನ್ನು ಅವರೇ ನೋಡಬೇಕಿತ್ತು. ತಮ್ಮನಿಗೆ ಸಲಿಗೆ ಕೊಟ್ಟದ್ದು ನಿಯಮದ ಪ್ರಕಾರ ತಪ್ಪು, ಒಪ್ಪಿಕೊಳ್ಳಬಹುದಾದ ತಪ್ಪು. ಅದನ್ನು ಒಪ್ಪಿಕೊಂಡ ಮೇಲೆಯೇ ಕೈ ನಡುಕ ಕಡಿಮೆಯಾಯಿತು.

ಅಪೀಲು ಪತ್ರಕ್ಕೆ ಇಬ್ಬರೂ ಕೂತು ಬಹಳ ತಿದ್ದಿದೆವು. ಕೊನೆಗೆ ಅರ್ಧ ಪುಟ ಉಳಿಯಿತು. ಮೊದಲಿಗೆ ಅಕೌಂಟಿನ ಹೆಸರು, ಸಸ್ಪೆಂಡ್ ಆದ ತಾರೀಖು. ಆಮೇಲೆ ಎರಡನೆಯ ಅಕೌಂಟಿನ ವಿಷಯ ಇದ್ದದ್ದು ಇದ್ದ ಹಾಗೆ, ಅದನ್ನು ಮುಚ್ಚಲು ತಮ್ಮನ ಒಪ್ಪಿಗೆಯ ಮೇಲ್ ಲಗತ್ತು. ಕ್ಯಾಮೆರಾದಿಂದ ಬಂದ ಮೂಲ ಫೈಲುಗಳು: ಮಾರುಕಟ್ಟೆಯಲ್ಲಿ ಇರುವುದು ಕತ್ತರಿಸಿದ ಹತ್ತು ಸೆಕೆಂಡು, ಮೂಲದಲ್ಲಿ ಹಿಂದು ಮುಂದಿನ ಭಾಗವೂ ತೆಗೆದ ದಿನಾಂಕವೂ ಇರುತ್ತದೆ, ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಹೆಸರಿನ ವ್ಯತ್ಯಾಸಕ್ಕೆ ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಮತ್ತು ಎರಡು ಸಾಲಿನ ವಿವರಣೆ. ಕಡೆಗೆ, ಖಾತೆ ತೆರೆಯುವ ಮಾತಿಗೆ ಜೋಡಿಸದೆ, ನಿಂತಿರುವ ಹಣ ಒಪ್ಪಂದದ ಯಾವ ಕಲಮಿನ ಪ್ರಕಾರ ನಿಂತಿದೆ ಎಂಬ ಪ್ರಶ್ನೆ ಬೇರೆ ಪ್ಯಾರಾದಲ್ಲಿ. ಖಾತೆ ಮುಚ್ಚುವುದೂ ಹಣ ತಡೆಯುವುದೂ ಒಂದೇ ಅಲ್ಲ. ಬಹಳ ಜನ ಎರಡನ್ನೂ ಒಟ್ಟಿಗೆ ಬೇಡಿ ಎರಡನ್ನೂ ಕಳೆದುಕೊಳ್ಳುತ್ತಾರೆ.

ಕ್ಲಿಪ್‌ಗಳ ಪಟ್ಟಿ ಮಾಡುವಾಗ ಇನ್ನೊಂದು ಗಂಟು ಸಿಕ್ಕಿತು. ಮಗ್ಗದ ಮುಂದೆ ಕೂತ ಒಬ್ಬ ಅಜ್ಜಿಯ ಮುಖ ಸ್ಪಷ್ಟವಾಗಿ ಕಾಣುವ ಕ್ಲಿಪ್ ಇತ್ತು, ಸಹಿ ಹಾಕಿದ ಮಾಡೆಲ್ ರಿಲೀಸ್, ಅಂದರೆ ಚಿತ್ರದಲ್ಲಿರುವವರ ಒಪ್ಪಿಗೆ ಪತ್ರ, ಇರಲಿಲ್ಲ. ಗುರುತು ಸಿಗುವ ಮುಖವಿದ್ದರೆ ಜಾಹೀರಾತಿನ ಬಳಕೆಗೆ ಆ ಸಹಿ ಬೇಕೇ ಬೇಕು, ಇಲ್ಲದಿದ್ದರೆ ಸುದ್ದಿ, ಲೇಖನಗಳಿಗೆ ಬಳಸುವ ಎಡಿಟೋರಿಯಲ್ ವಿಭಾಗಕ್ಕಷ್ಟೇ ಹಾಕಬೇಕು. ಬಾದಾಮಿ ಗುಹೆ, ಪಟ್ಟದಕಲ್ಲಿನಂಥ ಕೇಂದ್ರ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ವ್ಯಾಪಾರಕ್ಕಾಗಿ ಚಿತ್ರೀಕರಿಸಲು ಮೊದಲೇ ಅನುಮತಿ ಪಡೆಯಬೇಕು. ಅಂಥ ಕ್ಲಿಪ್‌ಗಳನ್ನು ತಾವೇ ತೆಗೆದುಹಾಕಲು ಸಿದ್ಧ ಎಂದು ಒಂದು ಸಾಲು ಸೇರಿಸಿದೆವು.

ಬೇರೆ ಹೆಸರಿನಲ್ಲಿ ಹೊಸ ಅಕೌಂಟ್ ತೆರೆಯುವ ಯೋಚನೆ ಅವರಿಗಿತ್ತು. ಬೇಡವೆಂದು ಖಡಾಖಂಡಿತವಾಗಿ ಹೇಳಿದೆ. ಅದು ಸಿಕ್ಕಿಬಿದ್ದರೆ ಅಪೀಲಿನ ಬಾಗಿಲೂ ಮುಚ್ಚುತ್ತದೆ. ಟೆಲಿಗ್ರಾಂನಲ್ಲಿ ಒಬ್ಬ ಎಂಟು ಸಾವಿರ ಕೊಟ್ಟರೆ ಒಳಗಿನವರಿಂದ ಅಕೌಂಟ್ ತೆರೆಸುತ್ತೇನೆ ಎಂದಿದ್ದನಂತೆ. ಹಣ ಕೊಟ್ಟಿರಲಿಲ್ಲ, ಪ್ಯಾನ್ ಫೋಟೋ ಕಳಿಸಿದ್ದರು. ಅವತ್ತೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿಸಿದೆ. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆಂಬುದು ಇಂಥ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರಲಿ.

ಮೇಲ್ ನೋಡುವುದಕ್ಕೆ ಬೆಳಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಎಂದು ನಿಗದಿ ಮಾಡಿದೆವು. ರಾತ್ರಿ ಫೋನು ಅಡುಗೆಮನೆಯ ಮಾಡದಲ್ಲಿ. ರಾತ್ರಿ ಬಂದ ಉತ್ತರ ಬೆಳಗಿಗೇನೂ ಹಳಸುವುದಿಲ್ಲವಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಮನೆಯಲ್ಲಿ ಹೇಳುವುದು. ಹೆಂಡತಿಗೆ ಅರ್ಧ ಗೊತ್ತಿತ್ತು, ಕಂತಿಗೆ ಎರಡು ಸಲ ತವರಿನಿಂದ ತಂದಿದ್ದರು. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಮಗ್ಗದಲ್ಲಿ ಏನೈತಿ ಎಂದು ಜಗಳ ಮಾಡಿ ಎದ್ದುಬಂದ ಮಗ ಈಗ ಯಾವ ಮುಖ ಹೊತ್ತು ಹೇಳಬೇಕು ಎಂಬುದೇ ಅವರ ಸಂಕಟ. ಹೆಂಡತಿಯನ್ನು ಒಂದು ಭೇಟಿಗೆ ಕರೆಸಿ, ಸಾಲದ ಲೆಕ್ಕ ಇಬ್ಬರೂ ಕೂತು ಬರೆದ ಮೇಲೆ, ಅಪ್ಪನಿಗೆ ಹೇಳುವ ಮಾತನ್ನು ಇಲ್ಲೇ ಆಡಿ ನೋಡಿದೆವು.

ಅಪ್ಪ ಬೈಯಲಿಲ್ಲವಂತೆ. ಲಾಳಿ ನಿಲ್ಲಿಸಿ, "ಸಾವಕಾರ ನನ್ನ ಖಣಾನೂ ಎಷ್ಟೋ ಸಲ ತಿರುಗಿ ಕಳಿಸ್ಯಾನ. ನೂಲು ತಂದ ಚೀಟಿ ಇಟ್ಟಿದ್ದೆ ಅಂತ ರೊಕ್ಕಾ ಬಿಡಿಸಿಕೊಂಡೆ. ನೀ ಚೀಟಿ ಇಟ್ಟೀಯಿಲ್ಲೋ?" ಎಂದು ಕೇಳಿದರಂತೆ. ಇದನ್ನು ನನಗೆ ಹೇಳುವಾಗ ಬಸವರಾಜ ಅತ್ತರು. ಅಲ್ಲಿಯವರೆಗೂ ಅವರು ನನ್ನ ಮುಂದೆ ಅತ್ತಿರಲಿಲ್ಲ.

ಉತ್ತರ ಬರಲು ವಾರಗಳೇ ಹಿಡಿದವು. ಗುರುತಿನ ಚೀಟಿಯ ಇನ್ನೊಂದು ಪ್ರತಿ ಕೇಳಿದರು, ಕೊಟ್ಟರು. ಅಕೌಂಟ್ ತೆರೆಯಲಿಲ್ಲ. ಇವರದೇ ಎಂದು ಸಾಬೀತಾದ ಕ್ಲಿಪ್‌ಗಳ ಹಣ ಬಂತು, ಸಂಘದ ಸಾಲದ ದೊಡ್ಡ ಪಾಲು ಅದರಲ್ಲೇ ತೀರಿತು. ಹಳೆಯ ಒಪ್ಪಂದ ಬೇರೆಡೆ ಮಾರಬಾರದು ಎಂಬ ಷರತ್ತಿನದಲ್ಲ ಎಂದು ಓದಿ ಖಚಿತ ಮಾಡಿಕೊಂಡು, ಪ್ಯಾನ್‌ನಲ್ಲಿರುವ ಹೆಸರಿನಲ್ಲೇ ಮತ್ತೊಂದು ಮಾರುಕಟ್ಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಿದ್ದಾರೆ. ಅಜ್ಜಿಗೆ ರಿಲೀಸ್ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು, "ನನಗೆಷ್ಟು?" ಬಂದದ್ದರಲ್ಲಿ ಪಾಲು ಕೊಡುವುದೆಂದು ಮಾತಾಗಿದೆ. ಮದುವೆ ಆರ್ಡರ್‌ಗಳಿಗೂ ಹೋಗುತ್ತಿದ್ದಾರೆ, ನಿದ್ದೆ ಬರುತ್ತಿದೆ.

ತಮ್ಮನ ಜೊತೆ ಇನ್ನೂ ಮಾತಿಲ್ಲ. ಹಿರಿಯರು ಹಬ್ಬಕ್ಕೆ ಕೂಡಿಸಿ ರಾಜಿ ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ಅವಸರ ಬೇಡ ಎಂಬುದು ನನ್ನ ಸಲಹೆ. ಆ ಹುಡುಗನೂ ಹೆದರಿದ್ದಾನೆ, ಅವನ ಆದಾಯವೂ ನಿಂತಿದೆ. ಮೊದಲು ಅವನೊಬ್ಬನೇ ನನ್ನ ಬಳಿ ಬರಲಿ ಎಂದು ಹೇಳಿಕಳಿಸಿದ್ದೇನೆ.